ಅಪ್ಪಿಗೆ ಲೋಡಾದ ವೀರಗಲ್ಲು

ನನಗೆ ಸಾವಿರ ವರ್ಷದ ಹಿಂದಿನ ಕನ್ನಡ ಅಕ್ಷರ ಓದಲು ಬರುತ್ತದೆ. ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ, ಏಕೆಂದರೆ ನನ್ನಲ್ಲಿ ಹೇಳಿಕೊಳ್ಳುವಂಥದ್ದು ಇರುವುದು ಅದೊಂದೇ. ಮಳೆಗೆ ಸವೆದ ಅಕ್ಷರ, ದನ ಮೈ ಉಜ್ಜಿ ಉಜ್ಜಿ ನುಣುಪು ಮಾಡಿದ ಅಕ್ಷರ, ಯಾರೋ ಪುಣ್ಯಾತ್ಮರು ಕುಡುಗೋಲು ಮಸೆದು ಅರ್ಧ ನುಂಗಿಹಾಕಿದ ಅಕ್ಷರ, ಎಲ್ಲವನ್ನೂ ಒಂದು ಚೊಂಬು ನೀರು ಸುರಿದು, ಬೆರಳಾಡಿಸಿ, ಓರೆ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ಹೇಗಾದರೂ ಓದಿಬಿಡುತ್ತೇನೆ. ಆದರೆ ಪರದೆಯ ಮೇಲೆ ಸೊಟ್ಟಸೊಟ್ಟಗೆ ಕುಣಿಯುವ ಐದು ಇಂಗ್ಲಿಷ್ ಅಕ್ಷರಗಳನ್ನು ಓದಿ, ಕೆಳಗಿನ ಚೌಕದಲ್ಲಿ ಬರೆದು, ನಾನು ಯಂತ್ರವಲ್ಲ ಮನುಷ್ಯ ಎಂದು ಸಾಬೀತು ಮಾಡುವುದು ಮಾತ್ರ ಇವತ್ತಿಗೂ ಒಂದೇ ಸಲಕ್ಕೆ ಸಾಧ್ಯವಾಗಿಲ್ಲ. ಮೂರು ಸಲ ತಪ್ಪಿದರೆ ಅದು ಒಂಬತ್ತು ಚಿತ್ರಗಳನ್ನು ತೋರಿಸಿ, ಇದರಲ್ಲಿ ಟ್ರಾಫಿಕ್ ಸಿಗ್ನಲ್ ಎಲ್ಲೆಲ್ಲಿದೆ ಹುಡುಕು ಅನ್ನುತ್ತದೆ. ಸಿಗ್ನಲ್ಲೇ ಸಿಗದ ಊರುಗಳಲ್ಲಿ ನಿಂತು ಸಿಗ್ನಲ್ ಹುಡುಕುವುದೆಂದರೆ ಹೇಗಿರುತ್ತದೆ ನೀವೇ ಯೋಚಿಸಿ. ಒಂದು ಸಂಜೆ ನಾನು ಹೀಗೆ ಮನುಷ್ಯನೆಂದು ರುಜುವಾತು ಮಾಡಲಾಗದೆ ಒದ್ದಾಡುತ್ತಿದ್ದಾಗ, ನನ್ನ ಹೆಂಡತಿ ವಿಮಲಾ ಅವರೆಕಾಯಿ ಸುಲಿಯುತ್ತ, "ಯಂತ್ರ ಅಂತಾನೇ ಒಪ್ಕೊಂಡ್ಬಿಡಿ. ಸ್ವಿಚ್ ಹಾಕಿದಾಗಲಾದ್ರೂ ಎದ್ದು ಒಂದು ಕೆಲಸ ಮಾಡ್ತೀರೇನೋ ನೋಡೋಣ" ಅಂದಳು.

ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ವರ್ಗಾವಣೆಯ ದಯೆಯಿಂದ ಪಾವಗಡ, ಮಧುಗಿರಿ, ಕೊರಟಗೆರೆ ಮೂರೂ ಮುಗಿಸಿ ಈಗ ಶಿರಾದಲ್ಲಿದ್ದೇನೆ. ಬೇರೆಯವರು ವರ್ಗವಾದಾಗ ಸಾಮಾನಿನ ಲಾರಿಯಲ್ಲಿ ಬೀರು ಮಂಚ ಹೇರಿಸಿದರೆ ನಾನು ಪಡಿಯಚ್ಚಿನ ಸುರುಳಿಗಳನ್ನು ಹೇರಿಸುತ್ತೇನೆ. ಪಡಿಯಚ್ಚು ಅಂದರೆ ಒದ್ದೆ ಕಾಗದವನ್ನು ಶಾಸನದ ಮೇಲೆ ಹರಡಿ, ಬ್ರಷ್ಷಿನಲ್ಲಿ ತಟ್ಟಿ ತಟ್ಟಿ ಅಕ್ಷರದೊಳಗೆ ಇಳಿಸಿ, ಮೇಲೆ ಮಸಿಯ ಉಂಡೆ ಒತ್ತಿ ತೆಗೆಯುವ ನಕಲು. ಅದಕ್ಕೆ ಕರೆಂಟು ಬೇಡ, ನೆಟ್‌ವರ್ಕ್ ಬೇಡ, ಪಾಸ್‌ವರ್ಡ್ ಬೇಡ. ಹೆಂಡತಿಯ ಒಪ್ಪಿಗೆ ಮಾತ್ರ ಬೇಕು, ಏಕೆಂದರೆ ಮಸಿ ಕೊನೆಗೆ ಉಳಿಯುವುದು ಅಂಗಿಯ ಮೇಲೆ. ಈಗ ಕಾಲ ಬದಲಾಗಿದೆ. ಎಲ್ಲೋ ದೂರದ ದೊಡ್ಡ ಊರಿನಲ್ಲಿ ಯಾರೋ ಉತ್ಸಾಹಿಗಳು ಸೇರಿ ಒಂದು ಜಾಲತಾಣ, ಅದಕ್ಕೊಂದು ಆ್ಯಪು ಮಾಡಿದ್ದಾರೆ. ನಿಮ್ಮೂರಿನ ಶಾಸನ, ವೀರಗಲ್ಲುಗಳ ಚಿತ್ರವನ್ನು ನೀವೇ ಏರಿಸಿದರೆ ಕಲ್ಲಿಗೊಂದು ಸಂಖ್ಯೆ ಸಿಗುತ್ತದೆ, ಪ್ರಪಂಚದ ಯಾವ ಮೂಲೆಯಲ್ಲಿ ಕೂತವರೂ ಅದನ್ನು ನೋಡಬಹುದು. ಯಾವ ಮೂಲೆಯವರೂ ಅಂದರೆ ಆ ಕಲ್ಲಿರುವ ಮೂಲೆಯವರನ್ನು ಬಿಟ್ಟು, ಏಕೆಂದರೆ ಅಲ್ಲಿ ಅದು ತೆರೆದುಕೊಳ್ಳುವುದಿಲ್ಲ. ತೆರೆದುಕೊಂಡರೂ ಪೂರ್ತಿ ಇಂಗ್ಲಿಷಿನಲ್ಲಿದೆ.

ಮೊದಲು ನಾನು ವೈ.ಎನ್.ಹೊಸಕೋಟೆಯ ಕಡೆಯ ಒಂದು ಬಂಡೆ ಶಾಸನವನ್ನು ಬಲು ಉಮೇದಿನಿಂದ ಏರಿಸಿದ್ದೆ. ಊರುಗಳ ಪಟ್ಟಿಯಲ್ಲಿ ಒಂದೇ ಒಂದು ಹೊಸಕೋಟೆ ಇತ್ತು, ಒತ್ತಿದೆ. ಅದು ಬೆಂಗಳೂರಿನ ಪಕ್ಕದ ಹೊಸಕೋಟೆ ಎಂದು ತಿಳಿದದ್ದು ತಿಂಗಳ ಮೇಲೆ, ಇಬ್ಬರು ಸಂಶೋಧಕರು ಫೋನು ಮಾಡಿ, "ಸರ್, ನಾವು ಅಪಾರ್ಟ್‌ಮೆಂಟಿನ ಗೇಟಿನಲ್ಲಿದ್ದೇವೆ, ಬಂಡೆ ಎಲ್ಲಿದೆ" ಎಂದು ಕೇಳಿದಾಗ. ಆ ಬಂಡೆಯ ಪಕ್ಕ ಕಡಲೆಕಾಯಿ ಬೆಳೆಯುವ ರೈತರು ಈಗಲೂ ನನ್ನನ್ನು ಕಂಡರೆ, "ಏಮಿ ಸಾರ್, ಮಾ ಬಂಡ ಬೆಂಗ್ಳೂರಿಗೆ ಪೋಯಿಂದಂತೆ ಕದಾ, ವಾಪಸ್ ಯಾವಾಗ ಬರುತ್ತೆ" ಎಂದು ಗಡಿಯ ತೆಲುಗು ಬೆರೆಸಿ ವಿಚಾರಿಸುತ್ತಾರೆ. ಆಮೇಲೆ ಆ ಜಾಲತಾಣದವರು ಎಚ್ಚೆತ್ತು ಹೊಸ ನಿಯಮ ತಂದರು. ಚಿತ್ರ ತೆಗೆಯುವ ಜಾಗ, ಕಳಿಸುವ ಜಾಗ ಎರಡೂ ಒಂದೇ ಆಗಿರಬೇಕು. ಕಲ್ಲಿನ ಹತ್ತಿರವೇ ನಿಂತು ಕಳಿಸಬೇಕು. ನನ್ನಂಥವರಿಗೆ ಬುದ್ಧಿ ಕಲಿಸಲು ಮಾಡಿದ ನಿಯಮ ಅದು. ಅದೇ ನಿಯಮ ನನ್ನನ್ನು ಎಂಥ ಪೇಚಿಗೆ ಸಿಕ್ಕಿಸಿತು ಎಂದು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ಮೇಷ್ಟ್ರುಗಳಿಗೆ ಪಾಠದ ಜೊತೆಗೆ ಮನೆಮನೆ ಸಮೀಕ್ಷೆಯ ಕೆಲಸವೂ ಇರುತ್ತದಲ್ಲ, ಹಾಗೆ ನನಗೆ ಕಳ್ಳಂಬೆಳ್ಳದ ಹತ್ತಿರದ ಒಂದು ಹಳ್ಳಿ ಬಿದ್ದಿತ್ತು. ಪ್ರತಿ ಮನೆಯ ಬಾಗಿಲಿಗೂ ನಂಬರಿನ ಚೀಟಿ ಅಂಟಿಸುತ್ತ ಹೋದೆ. ಊರಾಚೆ ಕೊನೆಯ ಮನೆ ಈರಜ್ಜಿಯದು. ಏಳೆಂಟು ಮೇಕೆ, ಒಂದು ನಾಯಿ, ಮೊಣಕೈವರೆಗೆ ಹಚ್ಚೆ. ಚೀಟಿ ಅಂಟಿಸಿ ಹೊರಟವನನ್ನು ಅಜ್ಜಿ ತಡೆದು, "ಮೇಷ್ಟ್ರೇ, ನಂಗೆ ನಂಬರ್ ಇಲ್ದಿದ್ರೂ ನಡೀತದೆ. ಆ ತೂಬಿನಪ್ಪಂಗೆ ಒಂದು ನಂಬರ್ ಹಾಕ್ಬುಡಿ" ಅಂದಳು. ಯಾರಪ್ಪ ಅದು, ಮನೆಯ ಯಜಮಾನರೋ ಏನೋ ಎಂದು ಹಿಂದೆ ಹೋದರೆ ಕೆರೆ ಏರಿಯ ಕೆಳಗೆ, ನೀರು ಹೊರಬೀಳುವ ತೂಬಿನ ಪಕ್ಕದಲ್ಲಿ, ಹೂಳಿನಲ್ಲಿ ಅರ್ಧ ಹೂತು ಒಂದು ವೀರಗಲ್ಲು ನಿಂತಿತ್ತು. ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ಹಂತ, ಅದರ ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತ ಹಂತ, ಎರಡೂ ಅರಿಶಿನ ಮೆತ್ತಿಕೊಂಡು ಹೊಳೆಯುತ್ತಿದ್ದವು. ನನಗೆ ರೋಮಾಂಚನವಾಯಿತು. ಕೈಯಲ್ಲಿದ್ದ ಸಮೀಕ್ಷೆಯ ಕಾಗದ ಅಲ್ಲೇ ಬಿಟ್ಟು ಮಂಡಿಯೂರಿ ಅಕ್ಷರ ಹುಡುಕಿದೆ. ಕಾಣುವಷ್ಟು ಭಾಗದಲ್ಲಿ ಒಂದಕ್ಷರವೂ ಇರಲಿಲ್ಲ, ಹಾಗಾಗಿ ಸ್ವಲ್ಪ ಸಪ್ಪಗಾದೆ. ಆದರೆ ಕಲ್ಲಿನ ನೆತ್ತಿಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗುಣಾಕಾರದ ಗುರುತು ಹಾಕಿತ್ತು. "ಇದೇನಜ್ಜಿ" ಎಂದೆ. "ಅದಕ್ಕೇ ಅಲ್ವಾ ನಿಮ್ಮುನ್ನ ಕರ್ದಿದ್ದು" ಎಂದು ಅಜ್ಜಿ ರಸ್ತೆಯ ಕಡೆ ಕೈ ತೋರಿಸಿದಳು.

ಏರಿಯ ಕೆಳಗಿನ ರಸ್ತೆ ಅಗಲವಾಗುತ್ತಿತ್ತು. ಕೆಲಸ ನೋಡಿಕೊಳ್ಳುವ ಸೂಪರ್‌ವೈಸರು ಕೆಟ್ಟವನೇನಲ್ಲ, ನನ್ನನ್ನು ನೆರಳಿಗೆ ಕರೆದು ಟೀ ಕೊಟ್ಟ. "ನೋಡಿ ಸಾರ್, ಪಟ್ಟೀಲಿದ್ರೆ ಅದು ಸ್ಮಾರಕ, ನಾನು ಮುಟ್ಟಲ್ಲ. ಪಟ್ಟೀಲಿಲ್ಲ ಅಂದ್ರೆ ಕಲ್ಲು. ಮೋರಿಗೆ ಉದ್ದ ಚಪ್ಪಡಿ ಬೇಕು, ಅದು ಉದ್ದಕ್ಕೈತೆ. ಸೋಮವಾರ ಜೆಸಿಬಿ ಬರ್ತದೆ. ಅಷ್ಟ್ರೊಳಗೆ ಯಾವ್ದಾದ್ರೂ ಪಟ್ಟೀದು ಒಂದು ನಂಬರ್ ತಂದು ತೋರ್ಸಿ, ಕೈಮುಗಿದು ಪಕ್ಕಕ್ಕೆ ಹೋಯ್ತೀನಿ" ಎಂದ. ಅವತ್ತು ಶುಕ್ರವಾರ. ಈರಜ್ಜಿ ದೂರದಲ್ಲಿ ನಿಂತು ನಮ್ಮ ಮಾತಿನ ಬದಲು ನಮ್ಮ ಮುಖ ನೋಡುತ್ತಿದ್ದಳು. ಹತ್ತಿರ ಹೋದಾಗ, "ನಮ್ಮತ್ತೆ ಸಾಯೋವಾಗ ಒಂದು ಚೂರು ಬಂಗಾರ ಕೊಡ್ಲಿಲ್ಲ ಕಣಪ್ಪ. ಇವ್ನ ನೋಡ್ಕ ಅಂದ್ಲು. ನಲವತ್ತು ವರ್ಷ ನೀರು ಹಾಕಿವ್ನಿ. ಮೋರಿಗೆ ಹಾಕಿ ಮೇಲೆ ಲಾರಿ ಓಡುಸ್ತಾರಂತೆ" ಅಂದಳು. ಸೋಮವಾರದೊಳಗೆ ಆ ಜಾಲತಾಣದ ನಂಬರು ತರುತ್ತೇನೆ ಎಂದು ಹಿಂದುಮುಂದು ನೋಡದೆ ಮಾತು ಕೊಟ್ಟುಬಿಟ್ಟೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಓಡಿದೆ. ಕಲ್ಲಿನ ಹತ್ತಿರ ನಿಂತರೆ ಫೋನಿನಲ್ಲಿ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ, ಎದುರಿಗೆ ಮಣ್ಣಿನ ಏರಿ ಗೋಡೆಯ ಹಾಗೆ ಅಡ್ಡ ನಿಂತಿದೆ. ಸಿಗ್ನಲ್ ಇರುವುದು ಏರಿಯ ಮೇಲೆ, ಹಾಲಿನ ಡೇರಿಯ ಜಗಲಿಯಲ್ಲಿ. ಊರಿನವರೆಲ್ಲ ಫೋನಿಗಾಗಿ ಅಲ್ಲಿಗೇ ಹತ್ತುತ್ತಾರೆ. ಕೆಳಗೆ ಚಿತ್ರ ತೆಗೆದು, ಏದುಸಿರು ಬಿಡುತ್ತ ಮೇಲೆ ಹತ್ತಿ ಒತ್ತಿದರೆ, ನೀವು ಸ್ಮಾರಕದ ಬಳಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಗದರಿಸಿತು. ಕೆಳಗೆ ಇಳಿದು ಒತ್ತಿದರೆ ಅಂತರ್ಜಾಲ ಪರೀಕ್ಷಿಸಿ ಅಂದಿತು. ಹೀಗೆ ನಾಲ್ಕು ಸಲ ಹತ್ತಿ ಇಳಿದೆ. ಡಾಕ್ಟರು ನಡೆಯಿರಿ ನಡೆಯಿರಿ ಎಂದು ಬಾಯಿ ಬಡಿದುಕೊಂಡರೂ ಆಗದ ವ್ಯಾಯಾಮ ಅವತ್ತು ಆಯಿತು. ಮಧ್ಯೆ ಅದು, ಸಾಧ್ಯವಾದರೆ ತ್ರೀಡಿ ಸ್ಕ್ಯಾನಿಂಗ್ ಸೇರಿಸಿ ಎಂಬ ಸಲಹೆಯನ್ನೂ ಕೊಟ್ಟಿತು. ನಾನು ಅದನ್ನು ಬಾಯಿಬಿಟ್ಟು ಓದಿದ್ದೇ ತಪ್ಪಾಯಿತು. ಈರಜ್ಜಿ ಗಾಬರಿಯಾಗಿ, "ಸ್ಕ್ಯಾನಿಂಗಾ? ಏನಾಗೈತೆ ಮೇಷ್ಟ್ರೇ ಅವ್ನಿಗೆ, ತುಮಕೂರಿಗೆ ಬರ್ಕೊಟ್ರಾ" ಎಂದು ಕೇಳಿದಳು.

ಅಷ್ಟರಲ್ಲಿ ಡೇರಿಗೆ ಹಾಲು ಹಾಕಲು ಬಂದ ಹತ್ತಾರು ಜನ ನನ್ನ ಸುತ್ತ ಸೇರಿದ್ದರು. ಅವರಲ್ಲಿ ಟ್ರಾಕ್ಟರಿನ ಓಬಳೇಶ, "ಏನ್ ಸಾ ತೊಂದ್ರೆ, ನಾವೇನಾರ ಮಾಡ್ಬೋದಾ" ಎಂದು ಪ್ರೀತಿಯಿಂದ ವಿಚಾರಿಸಿದ. ನಾನು ಸುಸ್ತಾಗಿ ಜಗಲಿಯಲ್ಲಿ ಕೂತಿದ್ದವನು, "ಒಂದೋ ಸಿಗ್ನಲ್ಲು ಕಲ್ಲಿನ ಹತ್ರ ಇಳೀಬೇಕು, ಇಲ್ಲ ಕಲ್ಲೇ ಸಿಗ್ನಲ್ ಹತ್ರ ಬರಬೇಕು. ಇವತ್ತು ನಾಳೆಯೊಳಗೆ ಹೆಂಗಾದ್ರೂ ಕಲ್ಲನ್ನ ಅಪ್‌ಲೋಡ್ ಮಾಡ್ಬೇಕು ಓಬಳೇಶ, ಇಲ್ದಿದ್ರೆ ಕೆಲಸ ಕೆಟ್ಟಿತು" ಅಂದೆ. ಓಬಳೇಶ ಗಂಭೀರವಾಗಿ ತಲೆ ಆಡಿಸಿ, "ಅಷ್ಟೇ ತಾನೇ ಸಾ" ಅಂದ. ಆ ಅಷ್ಟೇ ತಾನೇ ಎಂಬ ಮಾತಿಗೆ ನಾನು ಅವತ್ತೇ ಬೆಚ್ಚಬೇಕಾಗಿತ್ತು. ಮೇಷ್ಟ್ರಿಗೆ ಸಮಾಧಾನ ಹೇಳುತ್ತಿದ್ದಾನೆ ಎಂದುಕೊಂಡು ಬಸ್ಸು ಹತ್ತಿದೆ.

ಭಾನುವಾರ ಬೆಳಿಗ್ಗೆ ಶಿರಾದ ನಯಾಜ್ ಭಾಯ್ ಅವರನ್ನು ಜೊತೆಗೆ ಕರೆದುಕೊಂಡು ಹೊರಟೆ. ನನ್ನ ಫೋನಿನ ಕ್ಯಾಮೆರಾಗೆ ನನ್ನ ಕಣ್ಣಿನ ಹಾಗೆಯೇ ಪೊರೆ ಬಂದಿತ್ತು, ಭಾಯ್ ಹತ್ತಿರ ಒಳ್ಳೆಯ ಫೋನಿತ್ತು. ಮೂವತ್ತು ವರ್ಷದಿಂದ ಮದುವೆ ಫೋಟೋ ತೆಗೆದು ತೆಗೆದು ಅವರ ಸ್ಟುಡಿಯೋಗೆ ಬಾರದ ಮನೆತನವೇ ಶಿರಾದಲ್ಲಿಲ್ಲ. ದಾರಿಯುದ್ದಕ್ಕೂ ನಾನು ಅವರಿಗೆ ವೀರಗಲ್ಲಿನ ಮಹತ್ವ ಹೇಳಿದೆ. ಮುಖ್ಯವಾಗಿ, ಪುರಾತತ್ವದಲ್ಲಿ ಕಲ್ಲಿಗಿಂತ ಕಲ್ಲು ನಿಂತ ಜಾಗ ದೊಡ್ಡದು, ಅದನ್ನು ಒಂದು ಗೇಣು ಕದಲಿಸಿದರೂ ಅರ್ಧ ಚರಿತ್ರೆ ಹೋದಂತೆ, ಶಾಲೆಯಲ್ಲಿ ಪ್ರತಿ ವರ್ಷ ಇದರ ಮೇಲೆ ಭಾಷಣ ಮಾಡುತ್ತೇನೆ ಎಂದೂ ಹೇಳಿದೆ. ಭಾಯ್ "ಸಹಿ ಬಾತ್, ಸಹಿ ಬಾತ್" ಎನ್ನುತ್ತ ಬೈಕು ಓಡಿಸುತ್ತಿದ್ದರು. ಏರಿ ಹತ್ತಿದಾಗ ಡೇರಿಯ ಮುಂದೆ ಟ್ರಾಕ್ಟರು ನಿಂತಿತ್ತು. ಟ್ರೇಲರಿನಲ್ಲಿ ರಾಗಿ ಹುಲ್ಲಿನ ಮೆತ್ತೆ, ಮೆತ್ತೆಯ ಮೇಲೆ ಹೊಸ ಟವಲು, ಟವಲಿನ ಮೇಲೆ ಹೂವು ಮುಡಿದು ತೂಬಿನಪ್ಪ ಆರಾಮಾಗಿ ಮಲಗಿದ್ದ.

ಓಬಳೇಶ ಬೆವರು ಒರೆಸಿಕೊಂಡು ಎದುರಿಗೆ ಬಂದ. "ಅಪ್ಪಿಗೆ ಲೋಡ್ ಮಾಡ್ಬುಟ್ಟಿವ್ನಿ ಸಾ. ಹನ್ನೆರಡ್ ಜನ ಕೈ ಹಾಕುದ್ರು. ಒಂದು ಚೂರು ಮುಕ್ಕಾಗಿಲ್ಲ, ಬೇಕಾದ್ರೆ ನೋಡ್ಕಳಿ" ಅಂದ. ನಮ್ಮ ಕಡೆಯ ಟ್ರಾಕ್ಟರಿನವರಿಗೆ ರಸ್ತೆ ಇರುವುದೇ ಎರಡು ಥರ, ಒಂದು ಅಪ್ಪು, ಇನ್ನೊಂದು ಡೌನು. ಏರು ದಾರಿಯಲ್ಲಿ ಹೊರೆ ಎಳೆಯುವುದು ಅವರ ದಿನದ ಕೆಲಸ. ಮೇಷ್ಟ್ರು ಕಲ್ಲನ್ನು ಅಪ್ಪಿಗೆ ಲೋಡು ಮಾಡಬೇಕು, ಸಿಗ್ನಲ್ ಹತ್ತಿರ ತರಬೇಕು ಎಂದು ಅಷ್ಟು ಜನರೆದುರು ಕನ್ನಡದಲ್ಲೇ ಹೇಳಿದ ಮೇಲೆ ಇನ್ನು ಅನುಮಾನವೆಲ್ಲಿ? ನಾನು ಕೂಗಾಡಿದೆ. ಇದು ಅಪರಾಧ, ಅನರ್ಥ, ಸಾವಿರ ವರ್ಷ ಕದಲದ ಕಲ್ಲು ಎಂದೆಲ್ಲ ಹಾರಾಡಿದೆ. ಓಬಳೇಶನ ಮುಖ ಬಾಡಿಹೋಯಿತು. "ನೀವೇ ಅಂದ್ರಲ್ಲ ಸಾ" ಎಂದ ಮೆಲ್ಲಗೆ. ನಾನೇ ಅಂದಿದ್ದೆ. ನಯಾಜ್ ಭಾಯ್ ಮಾತ್ರ ಟ್ರೇಲರಿನ ಮೇಲೆ ಬಗ್ಗಿ, "ಮೇಷ್ಟ್ರೇ, ಗುಸ್ಸಾ ಆಮೇಲೆ ಮಾಡಿ. ಇಲ್ಲಿ ಕೆಳಗೆ ಏನೋ ಬರ್ದೈತೆ ನೋಡಿ" ಅಂದರು.

ಹೂಳಿನಲ್ಲಿ ಹೂತುಹೋಗಿದ್ದ ಕೆಳಗಿನ ಹಂತ ಈಗ ಹೊರಗೆ ಬಂದಿತ್ತು. ಬಿಲ್ಲು ಹಿಡಿದ ವೀರ, ಅವನ ಹಿಂದೆ ಸಾಲಾಗಿ ದನಗಳು, ಅದರ ಮೇಲಿನ ಪಟ್ಟಿಯಲ್ಲಿ ಒಣಗಿದ ಮಣ್ಣು ತುಂಬಿಕೊಂಡ ಎರಡು ಸಾಲು ಅಕ್ಷರ. ನನ್ನ ಕೋಪ ಯಾವ ಕಡೆ ಹೋಯಿತೋ ತಿಳಿಯದು. ಟ್ರೇಲರಿನ ಮೇಲೆ ಹೇಗೆ ಹತ್ತಿದೆ ಎಂಬುದೂ ತಿಳಿಯದು, ಪ್ಯಾಂಟು ಮಂಡಿಯಲ್ಲಿ ಹರಿದದ್ದು ಮನೆಗೆ ಹೋದ ಮೇಲೆ ವಿಮಲಾ ತೋರಿಸಿದಾಗ ಗೊತ್ತಾಯಿತು. ಈರಜ್ಜಿ ಕೊಡದಲ್ಲಿ ನೀರು ತಂದಳು, ಓಬಳೇಶ ತೆಂಗಿನ ನಾರಿನಲ್ಲಿ ಮೆಲ್ಲಗೆ ಉಜ್ಜಿದ. ಆದರೆ ಮೋಡ ಮುಚ್ಚಿಕೊಂಡು ಓರೆ ಬಿಸಿಲೇ ಇಲ್ಲ, ಅಕ್ಷರ ಕಲ್ಲಿನೊಳಗೇ ಅಡಗಿ ಕೂತಿವೆ. ನಯಾಜ್ ಭಾಯ್ ಬೈಕಿನ ಚೀಲದಿಂದ ಮದುವೆಯ ಲೈಟು ತೆಗೆದು ಡೇರಿಯ ಕರೆಂಟಿಗೆ ಚುಚ್ಚಿದರು. ನಾನು ಎದುರಿಗೆ ಹಿಡಿಯಿರಿ ಅಂದೆ. "ನೈ ಮೇಷ್ಟ್ರೇ. ಎದುರಿಂದ ಕೊಟ್ರೆ ಎಲ್ಲಾ ಬಿಳಿ. ಸೈಡಿಂದ ಕೊಡ್ತೀನಿ ನೋಡಿ, ದುಲ್ಹನ್ ಸೀರೆ ಜರಿ ಎದ್ದಂಗೆ ಎದ್ದು ಬರ್ತೈತೆ" ಎಂದು ಲೈಟನ್ನು ಕಲ್ಲಿನ ಪಕ್ಕಕ್ಕೆ ಇಳಿಸಿದರು. ಅಕ್ಷರಗಳು ಒಂದೊಂದಾಗಿ ಎದ್ದು ನಿಂತವು. ನಾನು ಇಷ್ಟು ವರ್ಷ ಬಿಸಿಲು ಕಾದು ಕಾದು ಕಲಿತ ವಿದ್ಯೆ ಭಾಯ್‌ಗೆ ಸೀರೆಯಂಚಿನಲ್ಲಿ ಸಿಕ್ಕಿತ್ತು. ಫೋಟೋ ತೆಗೆಯುತ್ತ ಅವರು, "ಕಣ್ಣು ಮಿಟುಕಿಸ್ದೆ ಇರೋ ಗಿರಾಕಿ ನಂಗೆ ಸಿಕ್ಕಿದ್ದು ಇದೇ ಫಸ್ಟ್" ಅಂದರು.

ಮಾರಂ ತುಱುಗೊಳೊಳ್ ಕಾದಿ ಸತ್ತಂ. ಮೊದಲ ಸಾಲು ಅಷ್ಟು. ಎರಡನೆಯ ಸಾಲಿಗೆ ಅರ್ಧ ಗಂಟೆ ಹಿಡಿಯಿತು. ತಾಯ್ ನಿಱಿಸಿದ ಕಲ್. ಓದಿ ಹೇಳುವಾಗ ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು. "ಈರಜ್ಜಿ, ಇವನ ಹೆಸರು ಮಾರ. ದನ ಹೊಡ್ಕೊಂಡು ಹೋಗೋರ ಜೊತೆ ಹೊಡೆದಾಡಿ ಸತ್ತ. ಈ ಕಲ್ಲು ನಿಲ್ಲಿಸಿದ್ದು ಇವನ ತಾಯಿ" ಅಂದೆ. ಅಜ್ಜಿ ಸೆರಗಿನಲ್ಲಿ ಕಲ್ಲಿನ ನೀರು ಒರೆಸಿ, "ನಮ್ಮತ್ತೆಗೂ ಇವ್ನ ಹೆಸ್ರು ಗೊತ್ತಿರ್ಲಿಲ್ಲ ಮೇಷ್ಟ್ರೇ. ಅಪ್ಪಾ ಅಪ್ಪಾ ಅಂತಿದ್ವಿ. ಇವ್ನು ಯಾವಳೋ ಪುಣ್ಯಾತಗಿತ್ತಿ ಮಗ" ಅಂದಳು. ನನಗೆ ಖುಷಿಗೆ ಕಣ್ಣು ಮಂಜಾಯಿತು. ಚಿತ್ರ ತೆಗೆದದ್ದೂ ಏರಿಯ ಮೇಲೆ, ಕಳಿಸಿದ್ದೂ ಏರಿಯ ಮೇಲೆ. ಆ್ಯಪು ತಕರಾರು ಎತ್ತದೆ ಎಲ್ಲವನ್ನೂ ನುಂಗಿ, ಒಂದು ನಿಮಿಷ ಗರಗರ ತಿರುಗಿ, ಉದ್ದನೆಯ ನಂಬರು ಕೊಟ್ಟಿತು. ನಾನು ಓಬಳೇಶನನ್ನು ಅಪ್ಪಿಕೊಂಡೆ. ಅವನು ನನ್ನ ಬೈಗುಳವನ್ನು ಅಷ್ಟರಲ್ಲೇ ಮರೆತಿದ್ದ.

ಸೋಮವಾರ ರಜೆ ಹಾಕಿ ಹೋದೆ. ಸೂಪರ್‌ವೈಸರು ನಂಬರು ನೋಡಿ, ನಕ್ಷೆಯ ಮೇಲಿನ ಚುಕ್ಕೆ ನೋಡಿ, ಮಾತಿನಂತೆ ಕೈಮುಗಿದ. ಕಲ್ಲನ್ನು ಮತ್ತೆ ಹಳೆಯ ಜಾಗದಲ್ಲೇ ನಿಲ್ಲಿಸೋಣ, ನೀವು ರಸ್ತೆ ಒಂದಿಷ್ಟು ಪಕ್ಕಕ್ಕೆ ಸರಿಸಿ ಅಂದೆ. ಅವನು ತಲೆ ಕೆರೆದುಕೊಂಡು, "ಚುಕ್ಕೆ ಏರಿ ಮೇಲೈತಲ್ಲ ಸಾರ್. ಕೆಳಗಿನ ಜಾಗಕ್ಕೆ ನಂಬರ್ರೇ ಇಲ್ವಲ್ಲ. ಕೆಳಗಿಟ್ರೆ ಮತ್ತೆ ಕಲ್ಲಾಗ್ತದೆ" ಅಂದ. ಅವನ ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಜಾಲತಾಣದಲ್ಲಿ ಜಾಗ ತಿದ್ದಿಸೋಣ ಎಂದು ನಿಯಮಗಳನ್ನು ಮೊದಲ ಸಲ ಪೂರ್ತಿ ಓದಿದೆ. ಮೂಲ ಜಾಗದಿಂದ ಕದಲಿಸಿದ ಕಲ್ಲುಗಳಿಗೆ ಸಂಖ್ಯೆ ಕೊಡುವುದಿಲ್ಲ, ಕೊಟ್ಟಿದ್ದರೂ ರದ್ದು ಮಾಡುತ್ತೇವೆ ಎಂದಿತ್ತು. ಬಾಯಿ ಮುಚ್ಚಿಕೊಂಡೆ. ತೂಬಿನಪ್ಪನನ್ನು ಏರಿಯ ಮೇಲೆ ಬೇವಿನ ಮರದ ಪಕ್ಕ ಗುಂಡಿ ತೋಡಿ ನಿಲ್ಲಿಸಿದೆವು, ಅಕ್ಷರ ಕಾಣುವ ಹಾಗೆ. ಹಳೆಯ ಜಾಗದ ಅಳತೆ, ದಿಕ್ಕು ಎಲ್ಲವನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಆ ನೋಟ್‌ಬುಕ್ಕನ್ನು ಯಾರಿಗೂ ತೋರಿಸಿಲ್ಲ.

ಎರಡು ತಿಂಗಳ ಮೇಲೆ ಆ ಜಾಲತಾಣದವರಿಂದ ಪತ್ರ ಬಂತು. ಸಾರ್ವಜನಿಕರಿಗಾಗಿ ಆನ್‌ಲೈನ್ ಉಪನ್ಯಾಸವಂತೆ, ನಮ್ಮ ಕಲ್ಲಿನ ಬಗ್ಗೆಯೂ ಮಾತಾಡುತ್ತಾರಂತೆ, ಪತ್ರದಲ್ಲಿ ನನ್ನ ಹೆಸರಿನ ಮುಂದೆ ಕ್ಷೇತ್ರ ಸಂಶೋಧಕ ಎಂದು ಬೇರೆ ಇತ್ತು. ವಿಮಲಾಗೆ ಮೂರು ಸಲ ಓದಿ ಹೇಳಿದೆ. ಭಾನುವಾರ ಡೇರಿಯ ಜಗಲಿಯಲ್ಲಿ ಊರಿಗೆ ಊರೇ ಸೇರಿತು. ನಯಾಜ್ ಭಾಯ್ ಮದುವೆಯ ಸ್ಪೀಕರ್ ಪೆಟ್ಟಿಗೆಯನ್ನು ಫೋನಿಗೆ ಜೋಡಿಸಿದರು. ವಿದ್ವಾಂಸರೊಬ್ಬರು ಪುಸ್ತಕದ ಕಪಾಟಿನ ಮುಂದೆ ಕೂತು ಸೊಗಸಾದ ಇಂಗ್ಲಿಷಿನಲ್ಲಿ ಮಾತಾಡಿದರು, ನಾನು ಪಕ್ಕದಲ್ಲಿ ನಿಂತು ಕನ್ನಡಕ್ಕೆ ತಂದೆ. ತಾಯಿ ನಿಲ್ಲಿಸಿದ ಕಲ್ಲು ಎಂದು ಅವರೂ ಹೇಳಿದಾಗ ಈರಜ್ಜಿ ಕೈಮುಗಿದಳು. ಆಮೇಲೆ ಅವರಿಗೆ ಹುರುಪು ಹೆಚ್ಚಾಯಿತು. ಇಂಥ ಕಲ್ಲು ಸಾಮಾನ್ಯವಾಗಿ ಏರಿಯ ಕೆಳಗೆ, ತೂಬಿನ ಪಕ್ಕ ಸಿಗುತ್ತದೆ, ಇದು ಮಾತ್ರ ಏರಿಯ ನೆತ್ತಿಯ ಮೇಲಿದೆ, ದಾರಿಹೋಕರಿಗೆಲ್ಲ ದೂರದಿಂದ ಕಾಣಲೆಂದು ಬೇಕೆಂದೇ ಎತ್ತರದಲ್ಲಿ ಇಟ್ಟಿದ್ದಾರೆ, ಅದನ್ನು ಇಟ್ಟವರ ದೂರದೃಷ್ಟಿ ಅಸಾಧಾರಣವಾದದ್ದು ಎಂದರು. ನಾನು ತಡವರಿಸುತ್ತ ಅನುವಾದಿಸಿದೆ. ಓಬಳೇಶ ಮೀಸೆ ತೀಡಿಕೊಂಡು, "ನಂಗೆ ಅಷ್ಟೆಲ್ಲ ದೂರದೃಷ್ಟಿ ಇರ್ಲಿಲ್ಲ ಸಾ, ಸಿಗ್ನಲ್ ಸಿಗ್ಲಿ ಅಂತ ಇಟ್ಟಿದ್ದು" ಅಂದ.

ಆಗ ಆ ವಿದ್ವಾಂಸರು, ಇದನ್ನು ಪತ್ತೆ ಮಾಡಿದ ಕ್ಷೇತ್ರ ಸಂಶೋಧಕರೇ ನಮ್ಮೊಡನೆ ಇದ್ದಾರೆ, ದಯವಿಟ್ಟು ಮ್ಯೂಟ್ ತೆಗೆದು ಎರಡು ಮಾತಾಡಬೇಕು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. "ನಿಜ ಹೇಳ್ಬುಡ್ತೀರಾ ಮೇಷ್ಟ್ರೇ" ಎಂದು ಈರಜ್ಜಿ ಕೇಳಿದಳು. ಹೇಳಿದರೆ ನಂಬರು ರದ್ದು, ಕೆಳಗೆ ರಸ್ತೆಯ ಕೆಲಸ ಇನ್ನೂ ಮುಗಿದಿಲ್ಲ, ಮೋರಿಗಳಿಗೆ ಚಪ್ಪಡಿ ಇನ್ನೂ ಬೇಕು. ಹಾಗಂತ ಕಲ್ಲಿನ ಚಿಂತೆಯೊಂದೇ ನನ್ನನ್ನು ಕಟ್ಟಿಹಾಕಿತು ಎಂದರೆ ಸುಳ್ಳಾಗುತ್ತದೆ, ಹೆಸರಿನ ಮುಂದಿನ ಆ ಎರಡು ಪದಗಳನ್ನು ನಾನಾಗಲೇ ಲೆಟರ್‌ಹೆಡ್ಡಿಗೆ ಹಾಕಿಸಿಯಾಗಿತ್ತು. ಫೋನು ನೋಡಿದೆ. ನನ್ನ ಜನ್ಮದಲ್ಲಿ ಮೊದಲ ಸಲ ನಾಲ್ಕಕ್ಕೆ ನಾಲ್ಕು ಕಡ್ಡಿ ತುಂಬಿ ನಿಂತಿದ್ದವು. ಮ್ಯೂಟಿನ ಗುಂಡಿಯಿಂದ ಬೆರಳನ್ನು ಹುಷಾರಾಗಿ ದೂರವಿಟ್ಟು, "ಹಲೋ, ಹಲೋ, ಕೇಳಿಸ್ತಿದೆಯಾ" ಎಂದು ಬಾಯಿ ಆಡಿಸಿದೆ. ವಿದ್ವಾಂಸರು ಸ್ವಲ್ಪ ಹೊತ್ತು ಕಾದರು. ಕೊನೆಗೆ ನಿಟ್ಟುಸಿರು ಬಿಟ್ಟು ಬಹಳ ಮನಮುಟ್ಟುವಂತೆ ಏನೋ ಹೇಳಿದರು.

"ಏನಂದ್ರು" ಎಂದಳು ಈರಜ್ಜಿ.

"ಹಳ್ಳಿಗಾಡಿನಲ್ಲಿ ನೆಟ್‌ವರ್ಕ್ ಇಲ್ಲದೆ ಎಷ್ಟೋ ಸತ್ಯಗಳು ಹೊರಗೆ ಬರೋದೇ ಇಲ್ಲ ಅಂತ ನೊಂದ್ಕೊಂಡ್ರು ಅಜ್ಜಿ" ಎಂದು ಅನುವಾದಿಸಿದೆ.

"ಪಾಪ" ಅಂದಳು ಅಜ್ಜಿ, ಪರದೆಯ ಮೇಲೆ ಒಂದು ಚೂರೂ ಕದಡದೆ ಸ್ಪಷ್ಟವಾಗಿ ಕಾಣುತ್ತಿದ್ದ ವಿದ್ವಾಂಸರನ್ನೂ ನನ್ನನ್ನೂ ನೋಡಿ. "ಆ ಮಾತು ಯಾರಿಗೆ ಅಂದಿದ್ದು ಅವ್ರು?"

"ನನಗೇ ಅಜ್ಜಿ" ಎಂದೆ.